ಹನ್ನೊಂದು ಸೆಕೆಂಡಿನ ಮಾವ

ಓದಿ ತಿಳಿದುಕೊಂಡರೆ ಸರಿಪಡಿಸಲಾಗದ ವಸ್ತು ಈ ಲೋಕದಲ್ಲಿ ಇಲ್ಲ ಎಂದು ನಾನು ಬಲವಾಗಿ ನಂಬಿದ್ದ ಕಾಲವದು. ಮಣಿಪಾಲದ ಬಾಡಿಗೆ ಮನೆಗೆ ಲ್ಯಾಪ್‌ಟಾಪ್ ತಂದ ದಿನವೇ, ಕಂಪನಿಯವರು ಅದರೊಳಗೆ ಹಾಕಿ ಕೊಟ್ಟಿದ್ದ ವ್ಯವಸ್ಥೆಯನ್ನು ಅಳಿಸಿ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಲಿನಕ್ಸ್ ಹಾಕಿದೆ. ಚೆನ್ನಾಗಿ ನಡೆಯುತ್ತಿದ್ದುದನ್ನು ಏಕೆ ಕಿತ್ತಿರಿ ಎಂದು ಹೆಂಡತಿ ಶೋಭಾ ಕೇಳಿದಳು. ಸ್ವಾತಂತ್ರ್ಯಕ್ಕಾಗಿ ಎಂದೆ. ಅವಳು ತಾಯಿಗೆ ಫೋನ್ ಮಾಡಿ ತುಳುವಿನಲ್ಲಿ ಏನೋ ಹೇಳಿದಳು. ನಾನು ಗದಗ ಕಡೆಯವನು, ತುಳು ಬಾರದು. ಅತ್ತೆ ಮನೆಯವರೆಲ್ಲ ನನ್ನೊಡನೆ ಅಚ್ಚುಕಟ್ಟಾದ ಪುಸ್ತಕದ ಕನ್ನಡ ಮಾತಾಡುತ್ತಾರೆ. ನನ್ನ ಬಗ್ಗೆ ಮಾತಾಡುವಾಗ ಮಾತ್ರ ತುಳು!

ಲಿನಕ್ಸ್ ಬಂತು, ಚಿತ್ರ ಓಡುವುದು ನಿಂತಿತು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಹೇಳಿಕೊಡುವ ಡ್ರೈವರ್ ಎಂಬ ತಂತ್ರಾಂಶವೊಂದಿದೆ. ಅದು ಸರಿಯಾಗಿ ಕೂತಿರಲಿಲ್ಲ. ಪುಟ ಸರಿಸಿದರೆ ಅದು ಸ್ವಲ್ಪ ಯೋಚನೆ ಮಾಡಿ ಸರಿಯುತ್ತಿತ್ತು. ಸಿನಿಮಾ ಹಾಕಿದರೆ ಮಾತು ಮುಂದೆ, ಬಾಯಿ ಹಿಂದೆ. ಒಂದು ವಾರದ ಕೆಲಸ ಎಂದುಕೊಂಡೆ.

ನನ್ನ ಮಾವ ಕಾರ್ಕಳದ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್. ಖಾಸಗಿ ಬಸ್ಸುಗಳು ನಿಮಿಷಕ್ಕೆ ಸರಿಯಾಗಿ ಹೊರಡುವಂತೆ ನೋಡಿಕೊಳ್ಳುವುದು ಅವರ ಕೆಲಸ. ಒಂದು ನಿಮಿಷ ತಡ ಮಾಡಿದ ಬಸ್ಸನ್ನೂ ಅವರು ಕ್ಷಮಿಸಿದವರಲ್ಲ. ಅವರ ನಡಿಗೆಯೂ ಹಾಗೆಯೇ. ಬೆಳ್ಮಣ್ಣಿನ ಮನೆಯಿಂದ ಇಬ್ಬರೂ ಹೊರಟರೆ, ಮಾವ ಅಂಗಳ ದಾಟಿ ರಸ್ತೆ ಸೇರಿರುತ್ತಿದ್ದರು, ಅತ್ತೆ ಇನ್ನೂ ಚಪ್ಪಲಿ ಹುಡುಕುತ್ತಿರುತ್ತಿದ್ದರು. ಮೂವತ್ತು ವರ್ಷ ಗಂಡನ ಬೆನ್ನು ನೋಡಿಕೊಂಡು ಓಡಿದ ಹೆಂಗಸು ಅವರು.

ಶೋಭಾಳ ಅಣ್ಣ ಹರೀಶನ ಮದುವೆಯ ಸಿ.ಡಿ. ಬಂದ ವಾರವೇ ಸಿಡಿಲು ಬಡಿದು ಆ ಮನೆಯ ಟೀವಿ, ಪ್ಲೇಯರ್ ಎರಡೂ ಸುಟ್ಟುಹೋಗಿದ್ದವು. ಅದರಲ್ಲಿ ಮಾವ ಪಾಯಸದ ಬಾಲ್ದಿ ಹಿಡಿದು ನಡೆಯುವ ದೃಶ್ಯ ಇದೆ ಎಂದು ವಿಡಿಯೋದವನು ಹೇಳಿದ್ದ. ಜೀವಮಾನದಲ್ಲಿ ಒಮ್ಮೆಯೂ ತಾನು ನಡೆಯುವುದನ್ನು ಕಂಡಿಲ್ಲ, ನೋಡಬೇಕು ಎಂದು ಮಾವ ಒಂದು ಆದಿತ್ಯವಾರ ಸಿ.ಡಿ. ಹಿಡಿದು ಮಣಿಪಾಲಕ್ಕೆ ಬಂದರು. ಐದು ನಿಮಿಷ ಕೂತಿರಿ, ಈಗ ಸರಿಮಾಡುತ್ತೇನೆ ಎಂದೆ.

ಆಗ ಗಂಟೆ ಎರಡು. ವೇಗ ಅಳೆಯಲು ಲಿನಕ್ಸಿನಲ್ಲಿ ಒಂದು ಪರೀಕ್ಷೆ ಇದೆ. ಪರದೆಯ ಮೇಲೆ ಮೂರು ಹಲ್ಲುಚಕ್ರಗಳು ತಿರುಗುತ್ತವೆ, ಅಷ್ಟೇ. ನಾನು ಒಂದೊಂದೇ ಸಾಲು ತಿದ್ದಿ, ಮತ್ತೆ ಮತ್ತೆ ಆ ಚಕ್ರಗಳನ್ನು ತಿರುಗಿಸಿದೆ. ಮಾವ ಒಂದು ಗಂಟೆ ಅದನ್ನು ಗೌರವದಿಂದ ನೋಡಿದರು.

"ಇದರಲ್ಲಿ ಹರೀಶನ ಮದುವೆ ಎಲ್ಲಿ ಉಂಟು?" ಎಂದು ಕೊನೆಗೆ ಕೇಳಿದರು.

ಅದಕ್ಕೆ ಮೊದಲು ಇದು ಸರಿಯಾಗಬೇಕು ಎಂದು ವಿವರಿಸಿದೆ. ನಾಲ್ಕಕ್ಕೆ ಅವರು ಗಡಿಯಾರ ನೋಡಿ ಎದ್ದರು. "ಬರುವ ಆದಿತ್ಯವಾರ ನೋಡುವ. ಈಗ ನಾಲ್ಕು ಹತ್ತರ ಬಸ್ಸು ಉಂಟು."

ಗುರುವಾರ ಬೆಳಿಗ್ಗೆ ಅವರು ನಿಲ್ದಾಣದಲ್ಲೇ, ಕೊರಳಿನಲ್ಲಿ ವಿಸಿಲ್ ಇದ್ದಂತೆಯೇ, ಕುಸಿದು ತೀರಿಕೊಂಡರು. ಅಂದು ಹೆಬ್ರಿಯ ಬಸ್ಸು ತಡವಾಗಿ ಹೊರಟಿತಂತೆ.

ಅತ್ತೆ ಒಂದನ್ನು ಮಾತ್ರ ಕೇಳಿದರು. ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ಅವರು ಕೂತಿದ್ದಾರೆ, ನಿಂತಿದ್ದಾರೆ. ನಡೆಯುವುದು ಆ ಸಿ.ಡಿ.ಯಲ್ಲಿ ಮಾತ್ರ, ಬೊಜ್ಜದ ದಿನ ಅದನ್ನು ತೋರಿಸಲು ಆಗುತ್ತದೆಯೇ? ಬೊಜ್ಜ ಎಂದರೆ ಉತ್ತರಕ್ರಿಯೆ, ಹದಿಮೂರನೆಯ ದಿನ ನೆಂಟರೆಲ್ಲ ಸೇರುವ ಊಟ.

"ಭಾವ, ಪೇಟೆಯಲ್ಲಿ ಪ್ಲೇಯರ್, ಟೀವಿ ಎರಡೂ ಬಾಡಿಗೆಗೆ ಸಿಗ್ತದೆ. ಅದನ್ನೇ ತರುವ ಅಲ್ವಾ?" ಎಂದ ಹರೀಶ.

ಅವನು ಹೇಳಿದ್ದು ಸರಿ. ಸರಿಯಾದದ್ದನ್ನು ಒಪ್ಪುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಾವನಿಗೆ ತೋರಿಸಲಾಗದ್ದನ್ನು ಅತ್ತೆಗಾದರೂ ನಾನೇ ತೋರಿಸಬೇಕು, ನಾನು ಕೆಲಸ ಮಾಡುವ ಕಾಲೇಜಿನಿಂದ ಪ್ರೊಜೆಕ್ಟರ್ ತಂದು ದೊಡ್ಡದಾಗಿ ತೋರಿಸುತ್ತೇನೆ ಎಂದು ಎಲ್ಲರೆದುರು ಘೋಷಿಸಿದೆ.

ಮುಂದಿನ ದಿನಗಳ ವೃತ್ತಾಂತ ದುಃಖಕರ. ಸೈಬರ್ ಕೆಫೆಗೆ ಹೋಗಿ ಬಲ್ಲವರನ್ನು ಅಂತರಜಾಲದಲ್ಲಿ ಕೇಳಿದೆ. ಮೊದಲು ಕೈಪಿಡಿ ಓದು ಎಂದು ಯಾವುದೋ ದೇಶದಿಂದ ಬೈಗುಳ ಬಂತು. ಓದಿದೆ. ಓದಿದಂತೆ ಮಾಡಿದೆ. ಧ್ವನಿ ಹೋಯಿತು! ಧ್ವನಿ ತರಿಸಲು ಹೊರಟೆ, ಮೌಸ್ ಸತ್ತಿತು. ಮೌಸ್ ಬದುಕಿಸಲು ಲಿನಕ್ಸಿನ ತಿರುಳನ್ನೇ ಹೊಸದಾಗಿ ಕಟ್ಟಿದೆ. ಪರದೆ ಪೂರ್ತಿ ಕಪ್ಪಾಯಿತು. ಬೊಜ್ಜಕ್ಕೆ ಆಗ ಉಳಿದಿದ್ದದ್ದು ಒಂದೇ ದಿನ. ಶೋಭಾ ಅಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅಳುತ್ತಿದ್ದರೇ ವಾಸಿಯಿತ್ತು.

ಹೇಗೋ ಹೆಣಗಿ ಧ್ವನಿ ಮರಳಿಸಿ, ಎಲ್ಲ ಯಂತ್ರಕ್ಕೂ ಹೊಂದುವ ಒಂದು ಸಾಮಾನ್ಯ ಡ್ರೈವರ್ ಹಾಕಿ ಪರದೆಗೆ ಬೆಳಕು ತಂದೆ. ಅದು ಎಲ್ಲ ಕಡೆ ನಡೆಯುತ್ತದೆ, ಎಲ್ಲೂ ಓಡುವುದಿಲ್ಲ.

ಬೊಜ್ಜದ ದಿನ ವಿಧಿಗಳು ಮುಗಿದವು. ಮಾವನದೇ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ, ಅಗಲಿದ ಚೇತನವನ್ನು ಕುರಿತು ಎರಡು ಗಂಭೀರ ಮಾತಾಡಿ, ಚಿತ್ರ ಹಾಕಿದೆ. ಭೋರ್ ಎಂದು ಮದುವೆಯ ವಾಲಗ ಹೊರಟಿತು! ಸಾವಿನ ಮನೆಯಲ್ಲಿ ಗಟ್ಟಿಮೇಳ ಬಾರಿಸಿದ ಮೊದಲ ಅಳಿಯ ನಾನೇ ಇರಬೇಕು. ಹಿರಿಯರಿಬ್ಬರು ಎದ್ದು ಹೊರಗೆ ಹೋದರು. ಧ್ವನಿ ತನ್ನ ಪಾಡಿಗೆ ಓಡಿತು, ಗಟ್ಟಿಮೇಳ ಮುಗಿಯಿತು, ಊಟಕ್ಕೆ ಕರೆದದ್ದೂ ಮುಗಿದು ನಿಶ್ಶಬ್ದವಾಯಿತು. ಪಂಚೆಯ ಮೇಲೆ ಹರೀಶ ಇನ್ನೂ ತಾಳಿ ಎತ್ತುತ್ತಿದ್ದ. ಈ ಯಂತ್ರ ತೀರಾ ನಿಧಾನ ಎಂದು ಕೆಳಗೆ ಇಂಗ್ಲಿಷಿನಲ್ಲಿ ಮೂಡಿತು. ಯಾರೋ ಅದನ್ನು ಎಲ್ಲರಿಗೂ ತುಳುವಿನಲ್ಲಿ ವಿವರಿಸಿದರು.

ಅರ್ಧ ಗಂಟೆ ಕಳೆಯಿತು. ಎಲೆ ಹಾಕುವವರು ಬಾಗಿಲಿಗೆ ಬಂದು ಇಣುಕಿದರು. ಮಾವನ ಜೊತೆ ಕೆಲಸ ಮಾಡಿದ್ದ ಕಂಡಕ್ಟರೊಬ್ಬರು ಗಡಿಯಾರ ನೋಡಿಕೊಂಡರು. ಆಗ ಮಾವ ಬಂದರು.

ಬಾಲ್ದಿ ಹಿಡಿದು ಬಂದರು. ಒಂದು ಕಾಲು ಎತ್ತಿದರು, ಅದು ಗಾಳಿಯಲ್ಲಿ ನಿಂತಿತು. ಬಹಳ ಹೊತ್ತಾದ ಮೇಲೆ ನೆಲ ಮುಟ್ಟಿತು. ತಲೆ ಮೆಲ್ಲಗೆ ನಮ್ಮ ಕಡೆ ತಿರುಗತೊಡಗಿತು. ನಿಮಿಷಗಳಿಗಾಗಿ ಬದುಕಿದ ಮನುಷ್ಯನನ್ನು ನಾನು ಊರೆದುರು ಹೀಗೆ ತೂಗುಹಾಕಿದ್ದೆ. ನಾಚಿಕೆಯಿಂದ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದೆ.

"ನಿಲ್ಲಿಸಬೇಡಿ," ಎಂದರು ಅತ್ತೆ, ನನಗೆ ತಿಳಿಯುವ ಕನ್ನಡದಲ್ಲಿ. "ಅವರು ಇಷ್ಟು ನಿಧಾನ ನಡೆದದ್ದು ನಾನು ನೋಡಿದ್ದೇ ಇಲ್ಲ."

ಮೂರು ನಿಮಿಷ ನಡೆದರು ಮಾವ. ಅತ್ತೆ ಪಂಚೆಯ ಹತ್ತಿರ ಹೋಗಿ ನಿಂತು, ಅವರು ಅಂಚು ದಾಟುವ ತನಕ ನೋಡಿದರು. ಅನ್ನ ತಣ್ಣಗಾಯಿತು.

ಮರುವಾರ ಹರೀಶ ಪ್ಲೇಯರ್ ಬಾಡಿಗೆಗೆ ತಂದು ಅದೇ ಸಿ.ಡಿ. ಹಾಕಿದ. ಅದರಲ್ಲಿ ಮಾವ ಹನ್ನೊಂದು ಸೆಕೆಂಡಿನಲ್ಲಿ ಸರಸರ ದಾಟಿ ಹೋದರು. "ಇದು ಬೇಡ ಮಾರಾಯ," ಎಂದು ಅತ್ತೆ ಎದ್ದು ಒಳಗೆ ಹೋದರಂತೆ. ಅಂದಿನಿಂದ ಪ್ರತಿ ವರ್ಷ ತಿಥಿಯ ದಿನ ನಾನು ಲ್ಯಾಪ್‌ಟಾಪ್ ಹೊತ್ತು ಬೆಳ್ಮಣ್ಣಿಗೆ ಹೋಗುತ್ತೇನೆ. ಸರಿಮಾಡಲು ಹೋಗಬೇಡಿ ಎಂದು ಶೋಭಾ ಅದರ ಮುಚ್ಚಳಕ್ಕೆ ಚೀಟಿ ಅಂಟಿಸಿದ್ದಾಳೆ. ಮನೆಯಲ್ಲಿ ನನ್ನ ಮೇಲೆ ಹೊರಿಸಿರುವ ಜವಾಬ್ದಾರಿ ಸದ್ಯಕ್ಕೆ ಅದೊಂದೇ, ಕೆಟ್ಟದ್ದನ್ನು ಕೆಟ್ಟಂತೆಯೇ ಕಾಯುವುದು.

ಆಮೇಲೆ ಕಾಲೇಜಿನಲ್ಲಿ ಅದೇ ಮಾದರಿಯ ಇನ್ನೊಂದು ಲ್ಯಾಪ್‌ಟಾಪ್ ಕೈಗೆ ಬಂತು. ಅದಕ್ಕೂ ಅದೇ ರೋಗ. ಒಂದು ಕಡತದಲ್ಲಿ ಒಂದೇ ಒಂದು ಸಾಲು ಸೇರಿಸಿದೆ, ಚಿತ್ರ ನೀರಿನಂತೆ ಓಡಿತು. ಅದಕ್ಕೆ ಬೇಕಾದದ್ದು ನಾಲ್ಕು ನಿಮಿಷ. ಮಾವ ನನ್ನ ಪಕ್ಕದಲ್ಲಿ ಕೂತು ಕಾದದ್ದು ಎರಡು ಗಂಟೆ. ಒಂದು ನಿಮಿಷಕ್ಕೂ ಬಸ್ಸನ್ನು ಕ್ಷಮಿಸದವರು, ಅಳಿಯನಿಗೆ ಮಾತ್ರ ಬರುವ ಆದಿತ್ಯವಾರದ ತನಕ ಟೈಮ್ ಕೊಟ್ಟು ಹೋಗಿದ್ದರು.