ಕೆಂಪು ಗೀಟು ಅಳಿಸಿಕೊಡುವ ಬಗ್ಗೆ

ಇಂದ:
ಅರ್ಜಿದಾರ,
ನಿವೃತ್ತ ದಾಖಲೆ ಗುಮಾಸ್ತ, ಇದೇ ಆಸ್ಪತ್ರೆ.
ಹಾಲಿ ರೋಗಿ, ಇದೇ ಆಸ್ಪತ್ರೆ.

ಗೆ:
ಮಾನ್ಯ ವೈದ್ಯಕೀಯ ಅಧೀಕ್ಷಕರು,
ಎಡಗಡೆ ಮೂರನೇ ಕೋಣೆ.

ವಿಷಯ: ಅರ್ಜಿದಾರನ ಕಾಯಿಲೆ ಏನೆಂಬುದನ್ನು ಅರ್ಜಿದಾರನಿಗೂ ತಿಳಿಸಿಕೊಡುವ ಬಗ್ಗೆ.

ಉಲ್ಲೇಖ: 1) ಅರ್ಜಿದಾರನ ಕಡತದ ಬಲಮೂಲೆಯ ಕೆಂಪು ಪೆನ್ಸಿಲ್ ಗೀಟು.
2) ಅರ್ಜಿದಾರನ ಮನೆಯ ಬಚ್ಚಲ ನಲ್ಲಿ, ದಿನಾಲೂ ಮಧ್ಯಾಹ್ನ ಊಟವಾದ ಮೇಲೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರನು ಈ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಧೂಳು ಕುಡಿದವನು. ಸದರಿ ಅವಧಿಯಲ್ಲಿ ಆತ ಸ್ವಂತ ತಲೆ ಓಡಿಸಿದ್ದು ಒಂದೇ ಸಲ, ಅದರ ಫಲವೇ ಕೆಂಪು ಗೀಟು. "ರೋಗಿಗೆ ಹೇಳಬೇಡಿ" ಎಂದು ಮನೆಯವರು ಕೇಳಿಕೊಂಡರೆ ಕಡತದ ಬಲಮೂಲೆಯಲ್ಲಿ ಒಂದು ಗೀಟು. ಅದನ್ನು ಕಂಡ ಕೂಡಲೇ ವೈದ್ಯರಿಂದ ಹಿಡಿದು ಔಷಧಿ ಕೊಡುವವರ ತನಕ ಎಲ್ಲರ ಬಾಯಿಗೂ ಬೀಗ. ರೋಗಿ ಪಟ್ಟು ಹಿಡಿದು ಕೇಳಿದರೆ ಹೇಳಬೇಕಾದ ಮಾತನ್ನೂ ಅರ್ಜಿದಾರನೇ ರಚಿಸಿ ಕೊಟ್ಟಿದ್ದ: "ಏನಿಲ್ಲ, ಸಣ್ಣ ಹುಣ್ಣು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ವಾಸಿಯಾಗುತ್ತೆ." ಇದಕ್ಕಾಗಿ ಆತನಿಗೆ ಪ್ರಶಂಸಾಪತ್ರ ಸಿಕ್ಕಿತು. ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿಕೊಂಡ.

2. ಹದಿನೇಳು ದಿನಗಳ ಹಿಂದೆ ಅರ್ಜಿದಾರನು ಹೊಟ್ಟೆನೋವೆಂದು, ಪ್ಯಾಂಟು ಸಡಿಲವಾಗುತ್ತಿದೆಯೆಂದು ಪತ್ನಿಯೊಡನೆ ತಮ್ಮಲ್ಲಿಗೆ ಬಂದ. ತಾವು ಪರೀಕ್ಷೆಗಳ ವರದಿ ಓದಿ, ಮನೆಯವರು ಕೇಳಿಕೊಳ್ಳುವ ಮೊದಲೇ ರೂಢಿಯ ಬಲದಿಂದ, "ಏನಿಲ್ಲ ಅಣ್ಣಾ, ಸಣ್ಣ ಹುಣ್ಣು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ವಾಸಿಯಾಗುತ್ತೆ" ಎಂದಿರಿ. 'ಅಣ್ಣಾ' ಒಂದನ್ನು ಬಿಟ್ಟರೆ, ಅಲ್ಪವಿರಾಮದ ಸಮೇತ ಆತನದೇ ವಾಕ್ಯ. ಬಳಿಕ, "ಅಕ್ಕ ಒಂದ್ನಿಮಿಷ ಒಳಗಿರಲಿ, ನೀವು ಹೊರಗೆ ಕೂತಿರಿ" ಎಂದಿರಿ. ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ದಾದಿಯೊಬ್ಬರು ಒಳಗಿನಿಂದ ಆತನ ಕಡತ ತಂದು ಪಕ್ಕದ ಮೇಜಿನ ಮೇಲಿಟ್ಟು ಹೋದರು. ಬಲಮೂಲೆಯಲ್ಲಿ ಗೀಟು ಇತ್ತು, ವಕ್ರವಾಗಿ. ಅರ್ಜಿದಾರನಿಗೆ ಮೊದಲು ಬಂದದ್ದು ಸಿಟ್ಟು: ಅಷ್ಟು ಹೇಳಿಕೊಟ್ಟರೂ ಇವರಿಗೆ ನೆಟ್ಟಗೆ ಒಂದು ಗೀಟು ಎಳೆಯಲು ಬರುವುದಿಲ್ಲವಲ್ಲ! ಭಯ ಆಮೇಲೆ ಬಂತು, ಬಸ್ಸಿನಲ್ಲಿ.

3. ಕಡತವು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಊರಿನವರ ಕಡತಗಳನ್ನೆಲ್ಲ ಓದಿ ಅರಗಿಸಿಕೊಂಡ ಅರ್ಜಿದಾರನು ತನ್ನದನ್ನು ಮಾತ್ರ ತೆರೆಯಲಿಲ್ಲ. ಕಾರಣ, 'ರೋಗಿಗಳು ಕಡತ ಮುಟ್ಟತಕ್ಕದ್ದಲ್ಲ' ಎಂಬ ಫಲಕ. ಅದನ್ನು ಬರೆಸಿದವನೂ ಆತನೇ. ಇದು ದಾಖಲೆಗಾಗಿ ಕೊಟ್ಟ ಕಾರಣ. ನಿಜವಾದ ಕಾರಣವೆಂದರೆ, ತೆರೆಯದಿದ್ದರೆ ಅದು ಸಣ್ಣ ಹುಣ್ಣಾಗಿಯೇ ಉಳಿಯುತ್ತಿತ್ತು.

4. ಅಂದು ಮನೆಗೆ ಬಂದ ಮೇಲೆ ಅರ್ಜಿದಾರನು, "ಒಳಗೆ ಕೂರಿಸಿಕೊಂಡು ಡಾಕ್ಟರು ಏನಂದ್ರು ಕಣೇ?" ಎಂದು ಕೇಳಿದ.

"ಏನಿಲ್ಲ ರೀ, ಸಣ್ಣ ಹುಣ್ಣಂತೆ" ಎಂದು ಪತ್ನಿ ಗೋಡೆ ನೋಡಿಕೊಂಡು ಹೇಳಿದಳು.

ಹೊಸ ಅಂಗಿ ತೊಟ್ಟರೆ, "ಈ ಬಣ್ಣ ನಿಮಗೆ ಒಪ್ಪಲ್ಲ ಬಿಡಿ" ಎಂದು ಮುಖಕ್ಕೆ ಹೊಡೆದಂತೆ ಹೇಳುವ ಹೆಂಗಸು ಈಕೆ. ಈಗ ದಿನಾಲೂ ಊಟವಾದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾಳೆ. ಬಕೆಟ್ಟು ಇಟ್ಟ ಸದ್ದು ಕೇಳುವುದಿಲ್ಲ. ಅರ್ಧ ಗಂಟೆಯ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, "ಸೋಪು ಕಣ್ಣಿಗೆ ಹೋಯ್ತು" ಎನ್ನುತ್ತಾಳೆ. ಆದ್ದರಿಂದ ಅರ್ಜಿದಾರನು ಸೋಪು ಬದಲಿಸಿ ತಂದುಕೊಟ್ಟ. ಎರಡು ಸಲ. ಆತನ ಬುದ್ಧಿ ಓಡಿದ್ದೇ ಅಷ್ಟು.

ಗೀಟು ಹಾಕಿಸಿದ್ದರಲ್ಲಿ ಆಕೆಯ ತಪ್ಪೇನೂ ಇಲ್ಲ. "ಹೇಳದೇ ಇರೋದೇ ಪುಣ್ಯದ ಕೆಲಸ ಕಣೇ" ಎಂದು ಅಷ್ಟೂ ವರ್ಷ ಊಟದ ಮುಂದೆ ಕೂತು ಆಕೆಗೆ ಪಾಠ ಹೇಳಿದವನು ಸದರಿ ಅರ್ಜಿದಾರನೇ.

5. ಅರ್ಜಿದಾರನ ವಿರುದ್ಧ ಹಳೆಯ ದೂರೊಂದಿದೆ. ಕೊಡಬೇಕಾದವರು ಕೊಡಲಿಲ್ಲವಾದ ಕಾರಣ ಆತನೇ ಈ ಮೂಲಕ ಸಲ್ಲಿಸುತ್ತಿದ್ದಾನೆ. ಹನ್ನೆರಡು ವರ್ಷಗಳ ಹಿಂದೆ ಆಸ್ಪತ್ರೆಯ ಗೇಟಿನೆದುರಿನ ದರ್ಜಿಯ ಕಡತಕ್ಕೆ ಗೀಟು ಬಿದ್ದಿತ್ತು. ಆ ಮನುಷ್ಯ ದಾಖಲೆ ಕೋಣೆಯ ಕಿಟಕಿಯ ಬಳಿ ಬಂದು ನಿಂತ.

"ಸಾರ್, ನೀವು ನಮ್ಮ ಗಿರಾಕಿ ಅಂತ ಕೇಳ್ತಿದೀನಿ. ಒಂದು ಶಾಲೆಯ ಯೂನಿಫಾರ್ಮು ಪೂರ್ತಿ ನನಗೇ ಕೊಡ್ತೀವಿ ಅಂತಿದಾರೆ. ಹಿಡೀಲಾ?"

"ಧಾರಾಳವಾಗಿ ಹಿಡಿಯಪ್ಪ, ಸಣ್ಣ ಹುಣ್ಣು ಅಷ್ಟೇ."

ಎರಡು ತಿಂಗಳಿಗೆ ದರ್ಜಿಯ ಹೆಂಡತಿ ಬಂದು ಒಂದು ಚೀಲ ಕೊಟ್ಟಳು. ಅದರಲ್ಲಿ ಅರ್ಜಿದಾರನ ಅಂಗಿಬಟ್ಟೆ ಇತ್ತು, ಕತ್ತರಿಸಿತ್ತು, ಹೊಲಿದಿರಲಿಲ್ಲ.

"ಗೊತ್ತಿದ್ದಿದ್ರೆ ಮಕ್ಕಳ ಜೊತೆ ಕೂತಿರ್ತಿದ್ರು ಸಾರ್. ಮೆಷಿನ್ ಮುಂದೇನೇ ಹೋಗ್ಬಿಟ್ರು" ಎಂದಳು.

ಅರ್ಜಿದಾರನು ದರ್ಜಿಯ ಕಡತದ ಮೇಲೆ 'ಮುಕ್ತಾಯ' ಎಂದು ಬರೆದು ಕಪಾಟಿಗೆ ಸೇರಿಸಿದ. ಆ ನಂತರವೂ ಹತ್ತು ವರ್ಷ ಗೀಟು ಎಳೆಯುತ್ತಲೇ ಇದ್ದ ಎಂಬುದನ್ನು ನಾಚಿಕೆಯಿಂದ ನಿವೇದಿಸಿಕೊಳ್ಳುತ್ತಾನೆ.

6. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ ಸದರಿ ಗೀಟನ್ನು ಅಳಿಸಿ, ದಂಪತಿಗಳಿಬ್ಬರನ್ನೂ ಒಟ್ಟಿಗೆ ಒಳಗೆ ಕೂರಿಸಿ, ಕಡತದಲ್ಲಿ ಏನಿದೆಯೋ ಅದನ್ನೇ ಹೇಳಬೇಕಾಗಿ ಕೋರಿಕೆ. ಎಷ್ಟು ದಿನ ಎಂಬುದನ್ನೂ, ತಮಗೆ ತಿಳಿದಿದ್ದರೆ. ಅರ್ಜಿದಾರನು ಅತ್ತರೆ ಅದನ್ನು ದಾಖಲಿಸಿಕೊಳ್ಳುವ ಅಗತ್ಯವಿಲ್ಲ. ಇರುವಷ್ಟು ದಿನ ಹೆಂಡತಿಯ ಎದುರು ಕೂತು ಮಾತಾಡಬೇಕೆಂಬ ಆಸೆ ಆತನದು. ಮುಚ್ಚಿದ ಬಚ್ಚಲ ಬಾಗಿಲಿನ ಎದುರು ನಿಂತು ಸಾಕಾಗಿದೆ.

ತಮ್ಮ ವಿಶ್ವಾಸಿ
(ವಿಶ್ವಾಸ ಹೋಗಿ ಹದಿನೇಳು ದಿನಗಳಾಗಿದ್ದರೂ ನಮೂನೆಯಲ್ಲಿ ಬೇರೆ ಪದವಿಲ್ಲದ ಕಾರಣ),
ಅರ್ಜಿದಾರ

ಲಗತ್ತುಗಳು:
1) ರಬ್ಬರು, ಒಂದು.
2) ಪ್ರಶಂಸಾಪತ್ರ, ಕಟ್ಟಿನ ಸಮೇತ, ವಾಪಸು.
3) ಅಂಗಿಬಟ್ಟೆ: ತೋಳು ಎರಡು, ಮುಂಭಾಗ ಎರಡು, ಬೆನ್ನು ಒಂದು, ಕಾಲರು ಒಂದು. ನೋಡಿ ಹಿಂದಿರುಗಿಸುವುದು.

ವಿ.ಸೂ.: ಈ ಅರ್ಜಿಯ ವಿಚಾರ ಪತ್ನಿಗೆ ಗೊತ್ತಿಲ್ಲ. ತನ್ನ ಗಂಡನಿಗೆ ಏನೂ ಗೊತ್ತಿಲ್ಲವೆಂದೇ ಆಕೆ ನಂಬಿದ್ದಾಳೆ. ಕರೆಸುವುದಾದರೆ ಬೆಳಿಗ್ಗೆಯೇ ಕರೆಸಬೇಕು. ಊಟವಾದ ಮೇಲೆ ಆಕೆ ನಲ್ಲಿ ತಿರುಗಿಸುತ್ತಾಳೆ. ಆಮೇಲೆ ಎಷ್ಟು ಕೂಗಿದರೂ ಕೇಳಿಸುವುದಿಲ್ಲ.