ಪದಗಳಿಗೆ ನೆಂಟರನ್ನು ಹುಡುಕುವವರು

ನಮ್ಮ ಎದುರು ಫ್ಲ್ಯಾಟಿನ ಮಹಾಶಯರ ಮುಂದೆ ಯಾವ ಪದವನ್ನೂ ಒಂಟಿಯಾಗಿ ಬಿಡಬಾರದು. ತಕ್ಷಣ ಅದರ ಅಜ್ಜಿಯನ್ನು ಕರೆತರುತ್ತಾರೆ! ಊರ ಹಿರಿಯರು ಹೊಸಬರನ್ನು ಕಂಡಕೂಡಲೇ "ಯಾವ ಮನೆ, ಮೂಲ ಎಲ್ಲಿ?" ಎಂದು ಕೆದಕುವುದಿಲ್ಲವೇ? ಇವರದು ಪದಗಳ ಜೊತೆ ಅದೇ ಕೆಲಸ. ಮುಂಬಯಿ ಹತ್ತಿರದ ಡೊಂಬಿವಲಿಯ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತರಾದ ಒಂಟಿ ಜೀವ. ನನ್ನ ಮಗಳು ಐರೋಲಿಯ ಕಂಪನಿ ಕೆಲಸಕ್ಕೆಂದು ಸ್ಪ್ಯಾನಿಷ್ ಕಲಿತು, ಪುಸ್ತಕಗಳನ್ನು ರದ್ದಿಗೆ ಹಾಕಿದಳು. ಇವರು ಎತ್ತಿಕೊಂಡು ಹೋದರು ನೋಡಿ, ನನ್ನ ಗ್ರಹಚಾರ ಶುರುವಾಯಿತು.

ಒಂದು ದಿನ ಉಪ್ಪು ಕೇಳಲು ಬಂದರು. "ಸ್ಪೇನಿನವರಿಗೆ ಇದು ಸಾಲ್, ಮೂಲಮನೆ ಲ್ಯಾಟಿನ್‌ನಲ್ಲೂ ಸಾಲ್. ಇಂಗ್ಲಿಷಿನ ಸ್ಯಾಲರಿ, ಸ್ಯಾಲಡ್, ಸಾಸ್ ಎಲ್ಲ ಅದರ ಮೊಮ್ಮಕ್ಕಳು ಮಾರಾಯ್ತಿ!" ನಾನು ಬಾಯಿಬಿಟ್ಟು ಕೇಳುತ್ತಾ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಯಜಮಾನರು ಊಟಕ್ಕೆ ಕೂತು, "ಎಂತದು, ಮೊಮ್ಮಕ್ಕಳೆಲ್ಲ ಸಾರಿಗೇ ಬಿದ್ದಿದ್ದಾರಾ?" ಎಂದರು.

ನನಗೆ ಬುದ್ಧಿ ಬಂತೇ? ಇಲ್ಲ! ಸ್ಟೇಷನ್ನಿನ ಹೊರಗೆ ವಡಾಪಾವ್ ಗಾಡಿಯವನಿಗೆ ನಾನೇ ಪಾಠ ಶುರುಮಾಡಿದೆ: ನಿನ್ನ ಪಾವ್ ಪೋರ್ಚುಗೀಸರದ್ದು, ಸ್ಪೇನಿನ ಪಾನ್ ಅದರ ತಂಗಿ, ಇಂಗ್ಲಿಷಿನ ಪ್ಯಾಂಟ್ರಿ ದೂರದ ನೆಂಟ, ಎಲ್ಲರ ಅಜ್ಜಿ ಲ್ಯಾಟಿನ್‌ನ ಪಾನಿಸ್...

"ಮಾವಶೀ, ಆಜೀಚಂ ನಂತರ ಸಾಂಗಾ!"

ಅಜ್ಜಿಯ ಸುದ್ದಿ ಆಮೇಲೆ, ಮೊದಲು ಚಟ್ನಿ ಖಾರವೋ ಸಿಹಿಯೋ ಹೇಳಿ ಅಂತ! ಹಿಂದೆ ನಿಂತವರು ಗೊಳ್ಳೆಂದರು.

ಅಷ್ಟರಲ್ಲಿ ಮಗಳ ನಿಶ್ಚಿತಾರ್ಥ ಬಂತು. ಹುಡುಗ ಸೀವುಡ್ಸ್‌ನವನು. ವೀಳ್ಯದ ಹರಿವಾಣ ಹಿಡಿಯಲು ಸೋದರಮಾವ ಬೇಕು, ನನಗೆ ಅಣ್ಣತಮ್ಮಂದಿರಿಲ್ಲ. "ಅಮ್ಮಾ, ಎದುರಿನ ಮಾಮಾಚ್ ಪಾಹಿಜೇತ್," ಎಂದು ಮಗಳ ಹಟ. ಅವರೇ ಆಗಬೇಕಂತೆ! ಹೋಗಿ ಕೇಳಿದರೆ, ಪದಕ್ಕೆ ಬರವಿಲ್ಲದ ಮನುಷ್ಯ ಸ್ಪ್ಯಾನಿಷ್ ಪುಸ್ತಕದಲ್ಲಿ ಮುಖ ಹುದುಗಿಸಿದರು. ಆ ದಿನ ಹಾಲ್‌ಗೇನೋ ಬಂದರು. ಬಂದು ಕೊನೆಯ ಸಾಲಿನಲ್ಲಿ ಕೂತರು.

ಹುಡುಗನ ಕಡೆಯ ಹಿರಿಯರೊಬ್ಬರು ಅವರ ಪಕ್ಕಕ್ಕೆ ಬಂದು ವಿಚಾರಿಸಿದರು: "ತಮ್ಮದು ಯಾವ ಮನೆ? ಹುಡುಗಿಗೆ ಎಂತ ಆಗಬೇಕು?"

ಅವರು ಉತ್ತರದ ಬದಲು ಕುರ್ಚಿ ಸರಿಸಿ ಜಾಗ ಕೊಟ್ಟರು. ನಾನು ಹರಿವಾಣ ಹಿಡಿದು ನುಗ್ಗಿದೆ. ಸೆರಗು ಕುರ್ಚಿಗೆ ಸಿಕ್ಕಿ ಅರ್ಧ ವೀಳ್ಯದೆಲೆ ನೆಲಕ್ಕೆ! ಆದರೂ ಹೇಳಿಬಿಟ್ಟೆ: "ನನ್ನ ಅಣ್ಣ."

ಎಲೆ ಹೆಕ್ಕುವ ನೆಪದಲ್ಲಿ ಬಗ್ಗಿ ಅವರು ಪಿಸುಗುಟ್ಟಿದರು: "ಸ್ಪ್ಯಾನಿಷಿನ ಮುಚೋ, ಇಂಗ್ಲಿಷಿನ ಮಚ್, ಎರಡಕ್ಕೂ ‘ತುಂಬಾ’ ಅಂತಲೇ ಅರ್ಥ. ಮುಖವೂ ಒಂದೇ ಥರ. ಆದರೆ ನೆಂಟರಲ್ಲ ಮಾರಾಯ್ತಿ. ಮೂಲ ಬೇರೆ."

"ಇರಲಿ ಅಣ್ಣ. ಎಲೆ ಸರಿ ಜೋಡಿಸಿ, ತೊಟ್ಟು ಒಂದೇ ಕಡೆ ಬರಲಿ."

ಒಂದೊಂದಾಗಿ ಜೋಡಿಸಿದರು. ಆಮೇಲೆ ಹರಿವಾಣ ಎತ್ತಿಕೊಂಡು ಎದ್ದು, ಇನ್ನೂ ಕಾಯುತ್ತಿದ್ದ ಆ ಹಿರಿಯರಿಗೆ ಹೇಳಿದರು:

"ಹುಡುಗಿಗೆ ಸೋದರಮಾವ ಆಗಬೇಕು, ನಾನು."