ನನ್ನ ಹೊಲಿಗೆ ಮಿಷನ್ನಿನೊಳಗೆ ಮಳೆ

ಆಗ ನನಗೆ ಇಪ್ಪತ್ತಾರು ವರ್ಷ. ಅದಾಗಿ ಅರವತ್ತೆರಡು ವರ್ಷವಾಯಿತು. ಕೊಡಗು ಮೈಸೂರಿಗೆ ಸೇರಿ ಐದಾರು ವರ್ಷ ಆಗಿದ್ದಿರಬೇಕು. ನಮ್ಮ ಮನೆಯಲ್ಲಿ ಒಬ್ಬರಿದ್ದರು. ಕೆಟ್ಟುಹೋದದ್ದನ್ನು ಅವರು ಮುಟ್ಟುತ್ತಿರಲಿಲ್ಲ, ಸರಿಯಾಗಿದ್ದದ್ದನ್ನು ಮಾತ್ರ ರಿಪೇರಿ ಮಾಡುತ್ತಿದ್ದರು. ನನ್ನ ಗಂಡನ ಅಣ್ಣ. ಹೆಸರು ಹೇಳುವುದಿಲ್ಲ. ಭಾವನ ಹೆಸರನ್ನು ಆಗಲೂ ಹೇಳಿದವಳಲ್ಲ, ಈಗ್ಯಾಕೆ?

ಮಾವ ಇದ್ದಾಗ ತಂದ ಗೋಡೆ ಗಡಿಯಾರ ಚೆನ್ನಾಗಿಯೇ ನಡೆಯುತ್ತಿತ್ತು. ಭಾವ ಅದನ್ನು ಬಿಚ್ಚಿ ಎಣ್ಣೆ ಹಾಕಿದರು. ಅಲ್ಲಿಂದ ಅದು ನಾಲ್ಕು ಗಂಟೆಗೆ ಹನ್ನೊಂದು ಹೊಡೆಯಲು ಶುರುಮಾಡಿತು. ಕೇಳಿದರೆ, ಗಂಟೆ ಸರಿ ಇದೆ, ಮುಳ್ಳು ತಪ್ಪಿದೆ ಎಂದರು. ಹನ್ನೊಂದು ಹೊಡೆದರೆ ಸಾಯಂಕಾಲದ ಕಾಫಿಗೆ ನೀರಿಡುವುದನ್ನು ನಾವು ಕಲಿತುಕೊಂಡೆವು. ಬೇರೇನು ಮಾಡುವುದು?

ಭಾವ ಬ್ರಿಟಿಷರ ಕಾಲದಲ್ಲಿ ಯುದ್ಧಕ್ಕೆ ಹೋಗಿ ಬಂದವರು. ಅಲ್ಲಿ ಫಿರಂಗಿಯ ಪಕ್ಕದಲ್ಲಿ ಒಂದು ಪೆಟ್ಟಿಗೆ ಇತ್ತಂತೆ. ವಿಮಾನ ಈಗ ಎಲ್ಲಿದೆ ಎಂದು ಹಿಡಿಕೆ ತಿರುಗಿಸಿ ಅದಕ್ಕೆ ತಿಳಿಸಿದರೆ, ಗುಂಡು ಮೇಲೆ ಹೋಗಿ ಮುಟ್ಟುವ ಹೊತ್ತಿಗೆ ವಿಮಾನ ಎಲ್ಲಿರುತ್ತದೆ ಎಂದು ಅದು ಹೇಳುತ್ತಿತ್ತಂತೆ. ಒಳಗೆ ಬರೀ ಹಲ್ಲಿನ ಚಕ್ರಗಳು. ಅಂಥದ್ದೇ ಒಂದನ್ನು ಮಳೆಗೂ ಮಾಡಬೇಕು ಎಂಬ ಹುಚ್ಚು ಇವರಿಗೆ ಹಿಡಿಯಿತು. ಮೊನ್ನೆ ಪಕ್ಕದ ಮನೆಯ ಹುಡುಗಿ ಈ ಕತೆ ಕೇಳಿ, ಅಜ್ಜಿ, ಅದು ಕಂಪ್ಯೂಟರ್ ಅಲ್ಲವಾ ಎಂದಳು. ಇರಬಹುದು. ನನಗೆ ಅದು ನನ್ನ ಹೊಲಿಗೆ ಮಿಷನ್.

ಅದು ನನ್ನ ಅವ್ವನದು. ಕೈಯಲ್ಲಿ ತಿರುಗಿಸುವಂಥದ್ದು, ಮೇಲೆ ಗುಮ್ಮಟದ ಹಾಗೆ ಬಾಗಿದ ಮರದ ಮುಚ್ಚಳ. ಅದಕ್ಕೆ ಮೂರು ವರ್ಷದ ಹಿಂದೆ ನನ್ನವರು ಹೊಳೆ ದಾಟುವಾಗ ನೀರು ಬಂದು ಕೊಚ್ಚಿಕೊಂಡು ಹೋಗಿದ್ದರು. ಮಕ್ಕಳಿಲ್ಲ. ತವರಿನಿಂದ ನನ್ನ ಅಣ್ಣ ಬಂದು, ನಡಿ ನಮ್ಮ ಮನೆಗೆ ಎಂದಿದ್ದ. ಅಣ್ಣನ ಮನೆಯಲ್ಲಿ ಅತ್ತಿಗೆ ತೋರಿಸಿದ ಮೂಲೆಯಲ್ಲಿ ಕೂತು ಉಣ್ಣುವುದಕ್ಕಿಂತ, ಕಾಫಿ ತೋಟದ ಕೂಲಿ ಲೈನಿನ ಹೆಂಗಸರ ರವಿಕೆ ಹೊಲಿದುಕೊಂಡು ಸಂಪಾಜೆಯಲ್ಲೇ ಇರುತ್ತೇನೆ ಎಂದು ನಾನು ಹೋಗಲಿಲ್ಲ. ಹಾಗೆ ಹೇಳುವ ಧೈರ್ಯ ಬಂದದ್ದು ಆ ಮಿಷನ್ನಿನಿಂದ.

ಮೊದಲು ಹೋದದ್ದು ಮುಚ್ಚಳ, ಭಾವನ ಮಳೆ ಯಂತ್ರಕ್ಕೆ ಪೆಟ್ಟಿಗೆಯಾಗಿ. ಆಗೆಲ್ಲ ಭಾವನ ಮುಖ ನೋಡಿ ಮಾತಾಡುವ ಪದ್ಧತಿ ಇಲ್ಲ. ನಾನು, ಭಾವ, ಅತ್ತೆ ಮೂವರೂ ಒಂದೇ ಒಲೆಯ ಮುಂದೆ ಕೂತಿದ್ದರೂ ಮಾತು ಅತ್ತೆಯ ಮೇಲಿಂದ ಹೋಗಬೇಕು, ಅತ್ತೆಯ ಮೇಲಿಂದ ಬರಬೇಕು.

"ಅತ್ತೆ, ಮುಚ್ಚಳ ವಾಪಸು ಕೊಡೋಕೆ ಹೇಳಿ."

"ಅವ್ವ, ಮುಚ್ಚಳ ಹೊಲಿಯುದಿಲ್ಲೆ ಅಂತ ಆ ಗೂಡೆಗೆ ಹೇಳು."

"ಧೂಳು ಕೂರ್ತದೆ ಅಂತ ಹೇಳಿ ಅತ್ತೆ."

"ಧೂಳು ಒರೆಸೋಕೆ ಎರಡು ಕೈ ಉಟ್ಟಲ್ಲ ಅಂತ ಹೇಳು."

ಗೂಡೆ ಎಂದರೆ ಹುಡುಗಿ, ಉಟ್ಟು ಎಂದರೆ ಉಂಟು, ನಮ್ಮ ಕಡೆಯ ಅರೆಭಾಷೆ. ಅತ್ತೆ ಇಬ್ಬರಿಗೂ ಏನೂ ಹೇಳದೆ ಎಲೆಯಡಿಕೆ ಜಗಿಯುತ್ತಿದ್ದರು. ಇಬ್ಬರಿಗೂ ಕಿವಿ ಕೇಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಆ ವರ್ಷದ ಕೈಲು ಮುಹೂರ್ತಕ್ಕೆ ನಾನೇ ಒಂದು ದಡ್ಡ ಕೆಲಸ ಮಾಡಿದೆ. ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ನೇಗಿಲು ಎಲ್ಲ ತೊಳೆದು ದೀಪದ ಮುಂದೆ ಇಟ್ಟು, ಹೂ ಹಾಕಿ ಪೂಜೆ ಮಾಡುವ ಹಬ್ಬ ಅದು. ಗಂಡಸರ ಆಯುಧಕ್ಕೆ ಪೂಜೆಯಾದರೆ ನನ್ನದಕ್ಕೆ ಯಾಕಿಲ್ಲ ಎಂದು ನನ್ನ ಮಿಷನ್ನನ್ನೂ ಕೋವಿಯ ಪಕ್ಕದಲ್ಲಿ ಇಟ್ಟೆ. ಮೂರು ದಿನಕ್ಕೆ ತವರಿಗೆ ಹೋದೆ. ಬಂದು ನೋಡಿದರೆ ಕೋವಿ ಇದೆ, ಕತ್ತಿ ಇದೆ, ನನ್ನ ಮಿಷನ್ ಜಗುಲಿಯ ಚಾಪೆಯ ಮೇಲೆ ಕೋಳಿ ಕೊಯ್ದು ಹರಡಿದ ಹಾಗೆ ಬಿದ್ದಿದೆ. ಸೂಜಿ ಒಂದು ಕಡೆ, ಕಾಲು ಒಂದು ಕಡೆ. ಕೈಚಕ್ರ ಮಾತ್ರ ಆಗಲೇ ಮುಚ್ಚಳದ ಬದಿಗೆ ಹತ್ತಿತ್ತು.

"ದೇವರ ಮುಂದೆ ಇಟ್ಟದ್ದು ಮನೆಗೆಲ್ಲ ಸೇರಿದ್ದು ಅಂತ ಅವಳಿಗೆ ಹೇಳು ಅವ್ವ" ಎಂದರು ಭಾವ, ತಲೆ ಎತ್ತದೆ.

ಹಾಗಾದರೆ ಕೋವಿಯನ್ನು ಯಾಕೆ ಬಿಚ್ಚಲಿಲ್ಲ? ಕೇಳಬೇಕಿತ್ತು. ಕೇಳಲಿಲ್ಲ.

ಯಂತ್ರ ತಯಾರಾಯಿತು. ಗಡಿಯಾರದ ಚಕ್ರಗಳು, ಸೈಕಲ್ಲಿನ ಚೈನು, ಹೊರಗೆ ನನ್ನ ಅವ್ವ ಹಿಡಿದು ಹಿಡಿದು ನುಣುಪಾದ ಹಿಡಿಕೆ. ಊರಿನ ನಾಲ್ಕು ಮನೆಯವರು ನೋಡಲು ಬಂದರು. ಭಾವ ಹಿಡಿಕೆ ತಿರುಗಿಸಿದರು. ಕಟಕಟ ಎಂದಿತು. ಮುಳ್ಳು ಐದರ ಮೇಲೆ ನಿಂತಿತು. ಐದು ದಿನ ಮಳೆ ಇಲ್ಲ! ನಾಲ್ಕು ಮನೆಯವರೂ ನಂಬಿ ಭತ್ತ ಬೇಯಿಸಿ ಅಂಗಳಕ್ಕೆ ಹರಡಿದರು. ಅತ್ತೆಯೊಬ್ಬರೇ ಮಂಡಿ ಉಜ್ಜಿಕೊಂಡು, ನಮ್ಮ ಚಾಪೆ ಒಳಗೆ ತೆಗಿ ಎಂದರು. ಮಧ್ಯಾಹ್ನ ಸುರಿದ ಮಳೆಗೆ ಊರಿನ ಭತ್ತ ಚರಂಡಿಯಲ್ಲಿ ಹರಿಯಿತು. ಅತ್ತೆಯ ಮಂಡಿಗೆ ಚಕ್ರವೂ ಇಲ್ಲ, ಚೈನೂ ಇಲ್ಲ. ಅದಕ್ಕೆ ಯಾರ ಮಿಷನ್ನೂ ಬೇಕಾಗಿರಲಿಲ್ಲ.

ನಗುವುದಾದರೆ ನಗಿ. ಆ ತಿಂಗಳು ಲೈನಿನ ಹೆಂಗಸರು ಬಟ್ಟೆ ಹಿಡಿದುಕೊಂಡು ಬೇರೆ ದರ್ಜಿಯನ್ನು ಹುಡುಕಿಕೊಂಡು ಹೋದರು. ಸುದ್ದಿ ತವರಿಗೆ ಮುಟ್ಟಿತು. ಅಣ್ಣ ಮಡಿಕೇರಿ ಬಸ್ಸಿನಲ್ಲಿ ಬಂದು ಇಳಿದ. ಮಿಷನ್ ಇಡುತ್ತಿದ್ದ ನನ್ನ ಟ್ರಂಕು ಬರಿದಾಗಿದ್ದದ್ದು ನೋಡಿದ, ನನ್ನನ್ನು ನೋಡಿದ.

"ಇನ್ನೆಂತ ಉಟ್ಟು ಇಲ್ಲಿ ನಿಂಗೆ? ನಾಳೆ ಹೊರಡು."

ಸೀದಾ ಜಗುಲಿಗೆ ಹೋಗಿ ಕತ್ತಿ ತೆಗೆದುಕೊಂಡೆ. ನನಗಿಲ್ಲದ್ದು ಭಾವನಿಗೂ ಬೇಡ, ಯಂತ್ರ ಒಡೆದುಬಿಡುತ್ತೇನೆ ಎಂದು ಮುಚ್ಚಳ ಎತ್ತಿದೆ. ಒಳಮೈಗೆ ಪೂರ್ತಿ ಕಾಗದ ಅಂಟಿಸಿತ್ತು, ಅದರ ತುಂಬ ಅಂಕಿ. ಅಕ್ಷರ ನನಗೆ ಕಷ್ಟ, ಅಂಕಿ ಬರುತ್ತದೆ. ದಿನಕ್ಕೊಂದು ಸಾಲು. ಮೊದಲ ಸಾಲಿನ ತಾರೀಕು ನನ್ನವರು ಹೋದ ಮರುದಿನದ್ದು. ಮಳೆ ಎಷ್ಟು, ಹೊಳೆಯಲ್ಲಿ ನೀರು ಎಷ್ಟು ಅಡಿ.

ಭಾವ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಒಳಗೆ ಮಲಗಿದ್ದರು. ನಡುವೆ ಮಾತು ದಾಟಿಸಲು ಯಾರೂ ಇರಲಿಲ್ಲ.

"ತಮ್ಮ ಅಂದು ನನ್ನ ಕೇಳ್ದ" ಎಂದರು. "ಅಣ್ಣ, ದಾಟ್‌ಬೌದಾ ಅಂತ. ನಾನು ಆಕಾಶ ನೋಡ್ದೆ, ನೀರು ನೋಡ್ದೆ, ದಾಟು ಅಂದೆ. ನೀರು ಈಗ ಎಲ್ಲಿ ಉಟ್ಟು ಅಂತ ನೋಡಿ ಹೇಳ್ದೆ. ಅವ ನಡು ಹೊಳೆಗೆ ಮುಟ್ಟುವ ಹೊತ್ತಿಗೆ ಅದು ಎಲ್ಲಿರ್ತದೆ ಅಂತ ನೋಡಿಲ್ಲೆ."

ನಾನು ಮೊದಲ ಸಲ ಅವರ ಮುಖ ನೋಡಿ ಮಾತಾಡಿದೆ.

"ಇಷ್ಟು ಹೇಳೋಕೆ ನಿಮಗೆ ನನ್ನ ಮಿಷನ್ನೇ ಬೇಕಾಯ್ತಾ?"

ಕಾಗದದ ಅಂಕಿಯ ಮೇಲೆ ಬೆರಳಿಟ್ಟೆ.

"ನೀರು ಎಲ್ಲಿ ನಿಂತು ಅಳೀತೀರಿ?"

"ತೋಟದ ಅಂಚಿಂದ. ಮೇಲಿಂದ ನೋಡಿ ಬರಿತೆ." ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದರು, "ಕೆಳಗೆ ಇಳಿಯೋಕೆ ಆಗುದಿಲ್ಲೆ ನಂಗೆ."

ಮೂರು ವರ್ಷದ ಅಂಕಿ, ಎಲ್ಲ ಕಣ್ಣಂದಾಜು. ಅದಕ್ಕೇ ಆ ಪೆಟ್ಟಿಗೆ ಬಾಯಿಗೆ ಬಂದದ್ದು ಹೇಳುತ್ತಿತ್ತು. ನನ್ನ ಮಿಷನ್ ಹಾಳಾದದ್ದು ಹಾಳಾಯಿತು, ಅದಕ್ಕೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ. ಕತ್ತಿಯನ್ನು ಗೋಡೆಗೆ ಒರಗಿಸಿದೆ. ಒಳಗೆ ಹೋಗಿ ಅಣ್ಣನಿಗೆ, ಸೂಜಿ ಉಂಟು, ಕೈ ಉಂಟು, ನಾನು ಬರುವುದಿಲ್ಲ ಎಂದೆ. ಅವನು ಬೈದ. ಬೈಯಲಿ.

ಮಾರನೆಯ ದಿನ ಬೆಳಿಗ್ಗೆ ಅಣ್ಣನನ್ನು ಬಸ್ಸು ಹತ್ತಿಸಿದೆ. ರವಿಕೆ ಅಳೆಯುವ ಟೇಪನ್ನು ಬಿದಿರು ಕೋಲಿನ ಉದ್ದಕ್ಕೆ ಕಟ್ಟಿದೆ. ಸೀರೆ ಮೇಲೆತ್ತಿ ಕಟ್ಟಿಕೊಂಡು ಹೊಳೆಗೆ ಇಳಿದೆ. ನೀರು ಕೊರೆಯುತ್ತಿತ್ತು. ಭಾವ ತೋಟದ ಅಂಚಿನಲ್ಲಿ ಪೆನ್ಸಿಲ್ ಹಿಡಿದು ನಿಂತಿದ್ದರು. ನಡು ಹೊಳೆಯಲ್ಲಿ ಕೋಲು ಊರಿ, ಬಗ್ಗಿ ನೋಡಿ, ಎರಡು ಅಡಿ ಮೂರು ಇಂಚು ಬರ್ಕೊಳ್ಳಿ ಎಂದು ಅವರಿಗೆ ಕೂಗಿ ಹೇಳಿದೆ.